ಅಮ್ಮ ಯಾವ ಸಾಲಿನವಳು?

ಗೃಹವಿಜ್ಞಾನ ಓದಲೆಂದು ಕಾಸರಗೋಡಿನಿಂದ ತಿರುವನಂತಪುರಕ್ಕೆ ಹೊರಟಾಗ ನೆಂಟರೊಬ್ಬರು, "ಸಾರು ಮಾಡಲು ಕಲಿಯುವುದಕ್ಕೆ ಅಷ್ಟು ದೂರ ಹೋಗಬೇಕಾ ಮಗಳೇ?" ಎಂದು ಕೇಳಿದ್ದರು. ಈಗ ಓದಿದ ಗೆಳತಿಯರು ಅದನ್ನೇ ಬೇರೆ ಮಾತಿನಲ್ಲಿ ಹೇಳುತ್ತಾರೆ: ಹುಡುಗಿಯರನ್ನು ಒಲೆಗೆ ಕಟ್ಟಿಹಾಕಲೆಂದೇ ಹುಟ್ಟಿದ ವಿಷಯ ಅದು. ಹಳಬರೂ ಹೊಸಬರೂ ಹೀಗೆ ಒಂದೇ ಅಭಿಪ್ರಾಯಕ್ಕೆ ಬಂದಿರುವಾಗ ಅದನ್ನು ಕೆದಕಿ ನೋಡಲೇಬೇಕು. ಅದು ತಪ್ಪೆಂದೇ ನನ್ನ ನಂಬಿಕೆ. ಆ ತಪ್ಪಿನಿಂದ ಹೆಚ್ಚು ಕಳೆದುಕೊಂಡವರು ಕೃಷಿಕರ ಮನೆಯ ಹೆಂಗಸರು.

ಎರಡನೇ ವರ್ಷದಲ್ಲಿ ನಮಗೆ ಆಹಾರ ಸಮೀಕ್ಷೆಯ ಪ್ರಾಕ್ಟಿಕಲ್ ಇತ್ತು. ನಮ್ಮ ನಮ್ಮ ಮನೆಯವರಿಗೆ ದಿನಕ್ಕೆ ಎಷ್ಟು ಆಹಾರ ಬೇಕೆಂದು ಲೆಕ್ಕ ಹಾಕಬೇಕು. ಅದಕ್ಕೊಂದು ಕೋಷ್ಟಕ. ಕೂತು ಕೆಲಸ ಮಾಡುವ ಗಂಡಸಿನ ಅಗತ್ಯವನ್ನು 1 ಎಂದು ಹಿಡಿದರೆ ಅಂಥದೇ ಕೆಲಸದ ಹೆಂಗಸಿಗೆ 0.8, ಮಧ್ಯಮ ಶ್ರಮದವಳಿಗೆ 0.9, ಕಠಿಣ ಶ್ರಮದವಳಿಗೆ 1.2. ನಾನು ಅಮ್ಮನ ಹೆಸರಿನ ಮುಂದೆ 0.8 ಎಂದು ಬರೆದೆ. ಮನೆಯಲ್ಲೇ ಇರುವವಳು ತಾನೇ ಎಂದುಕೊಂಡಿದ್ದೆ. ತರಗತಿಯ ಎಲ್ಲರೂ ಹಾಗೆಯೇ ಬರೆದಿದ್ದರು.

ನಮ್ಮ ಟೀಚರ್ ನೆಯ್ಯಾಟ್ಟಿನ್‌ಕರೆ ಕಡೆಯವರು. ಮನೆಯಲ್ಲಿ ಬಾಳೆ, ಮರಗೆಣಸು, ಎರಡು ಹಸು. ಹಾಲು ಕರೆದು, ಬಸ್ಸು ಹಿಡಿದು ತರಗತಿಗೆ ಬರುತ್ತಿದ್ದರು. ನನ್ನ ರೆಕಾರ್ಡ್ ಪುಸ್ತಕ ನೋಡಿ, ನಿನ್ನ ಅಮ್ಮ ಎಷ್ಟು ಗಂಟೆಗೆ ಏಳುತ್ತಾರೆ ಎಂದು ಕೇಳಿದರು. ಐದಕ್ಕೆ ಎಂದೆ. ಆಮೇಲೆ? ಹಟ್ಟಿ ಬಾಚುವುದು, ಹಾಲು ಕರೆಯುವುದು, ಕೆಲಸದವರಿಗೆ ತಿಂಡಿ, ತೋಟದಿಂದ ಹುಲ್ಲಿನ ಹೊರೆ, ಅಂಗಳದಲ್ಲಿ ಒಣಹಾಕಿದ ಅಡಕೆ ಮಗುಚುವುದು, ಮಧ್ಯಾಹ್ನದ ಅಡುಗೆ, ಮತ್ತೆ ಹಟ್ಟಿ, ರಾತ್ರಿ ಅಡಕೆ ಸುಲಿಯುವುದು. ಹೇಳುತ್ತ ಹೇಳುತ್ತ ನನ್ನ ಸ್ವರ ಸಣ್ಣದಾಯಿತು. ಅವರು ಪೆನ್ಸಿಲ್ ತೆಗೆದುಕೊಂಡು 0.8 ಹೊಡೆದುಹಾಕಿ 1.2 ಬರೆದರು. ಹೊಸದಾಗಿ ಲೆಕ್ಕ ಹಾಕಿದಾಗ, ಎಲ್ಲರಿಗಿಂತ ಕೊನೆಗೆ ಉಣ್ಣುವ ಅಮ್ಮನ ಬಟ್ಟಲಲ್ಲಿ ಎಷ್ಟು ಅನ್ನ ಕಡಿಮೆ ಬೀಳುತ್ತಿದೆ ಎಂಬುದು ಕಣ್ಣಿಗೆ ಹೊಡೆಯಿತು.

ಹೆಂಗಸಿನ ದುಡಿಮೆಯನ್ನು ಗಂಟೆ, ಶಕ್ತಿ, ಅನ್ನದ ಲೆಕ್ಕದಲ್ಲಿ ಅಳೆದು ಅದು ದುಡಿಮೆಯೆಂದು ನನಗೆ ಮೊದಲು ತೋರಿಸಿದ್ದು ಜನ ಹಗುರಾಗಿ ಕಾಣುವ ಈ ವಿಷಯವೇ. ಸರ್ಕಾರದ ಅಂಕಿಅಂಶ ಅದನ್ನು ಮಾಡಲಿಲ್ಲ. ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ 93 ಎಂಬ ಸಂಕೇತವಿದೆ. ಮನೆಗೆಲಸದ ಜೊತೆಗೆ ಮನೆಬಳಕೆಗೆ ಸೌದೆ, ಸೊಪ್ಪು, ದನದ ಮೇವು ತರುವವರು, ಹೊಲಿಯುವವರು ಅದರಡಿ ಬರುತ್ತಾರೆ. ಇಷ್ಟು ವಿವರ ಬರೆದುಕೊಂಡ ಮೇಲೂ ಅವರು ದುಡಿಯುವವರ ಪಟ್ಟಿಗೆ ಸೇರುವುದಿಲ್ಲ. ಮೈಸೂರಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ 1970ರ ದಶಕದಲ್ಲೇ ರಾಜಸ್ಥಾನ, ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಹೆಂಗಸರ ದಿನವನ್ನು ಗಂಟೆಗಂಟೆಗೆ ಅಳೆದು ಈ ಕುರುಡುತನವನ್ನು ಎತ್ತಿ ತೋರಿಸಿದರು. ದೇಶಕ್ಕೆಲ್ಲ ಅನ್ವಯಿಸುವ ಸಮಯ ಬಳಕೆ ಸಮೀಕ್ಷೆಗೆ 2019ರವರೆಗೆ ಕಾಯಬೇಕಾಯಿತು. ಸಂಬಳವಿಲ್ಲದ ಮನೆಗೆಲಸಕ್ಕೆ ಅದರಲ್ಲಿ ತೊಡಗಿದ ಹೆಂಗಸರು ಆಗ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ.

ಈ ವಿಷಯದ ಮೇಲಿನ ಆಕ್ಷೇಪದಲ್ಲಿ ಹುರುಳಿಲ್ಲವೆಂದಲ್ಲ. ಕಳೆದ ಶತಮಾನದ ಆರಂಭದ ಕೇರಳದ ಸುಧಾರಣೆ ಹೆಣ್ಣಿಗೆ ಮನೆಯೇ ಸಹಜ ಕ್ಷೇತ್ರವೆಂಬ ಹೊಸ ಗೆರೆ ಎಳೆದದ್ದನ್ನು ತಿರುವನಂತಪುರದ ಇತಿಹಾಸಕಾರ್ತಿ ಜೆ. ದೇವಿಕಾ ಗಟ್ಟಿಯಾಗಿ ತೋರಿಸಿದ್ದಾರೆ. ಒಳ್ಳೆಯ ಸೊಸೆಯರನ್ನು ತಯಾರಿಸುವ ಓದೆಂದು ಗೃಹವಿಜ್ಞಾನವನ್ನು ಹೊಗಳಿದವರೂ ಇದ್ದರು. ಆದರೆ ಅದರ ಬೇರು ಅಲ್ಲಿಲ್ಲ. ಅಮೆರಿಕದಲ್ಲಿ ಅದಕ್ಕೆ ಅಡಿಪಾಯ ಹಾಕಿದ ಎಲೆನ್ ರಿಚರ್ಡ್ಸ್ ಕುಡಿಯುವ ನೀರನ್ನು ಪರೀಕ್ಷಿಸುತ್ತಿದ್ದ ರಸಾಯನಶಾಸ್ತ್ರಜ್ಞೆ. ಅಯೋವಾದಂಥ ಮೆಕ್ಕೆಜೋಳದ ಸೀಮೆಯಲ್ಲಿ ಅದು 1870ರ ದಶಕದಲ್ಲೇ ಕೃಷಿ ಕಾಲೇಜಿನೊಳಗೆ ಕಾಲಿಟ್ಟಿತು. 1914ರ ಸ್ಮಿತ್-ಲೀವರ್ ಕಾಯ್ದೆ ಬೇಸಾಯವನ್ನೂ ಗೃಹವಿಜ್ಞಾನವನ್ನೂ ಒಟ್ಟಿಗೇ ರೈತರ ಮನೆಬಾಗಿಲಿಗೆ ಕಳಿಸಿತು. ನಮ್ಮಲ್ಲೂ ತಿರುವನಂತಪುರದ ವೆಳ್ಳಾಯಣಿ ಕೃಷಿ ಕಾಲೇಜಿನಲ್ಲಿ ಅದಕ್ಕೊಂದು ವಿಭಾಗವಿತ್ತು, ಧಾರವಾಡದಲ್ಲಿ 1974ರಲ್ಲಿ ಗ್ರಾಮೀಣ ಗೃಹವಿಜ್ಞಾನ ಕಾಲೇಜೇ ಶುರುವಾಯಿತು. ಗದ್ದೆಯ ಪಕ್ಕದಲ್ಲಿ ಇರಬೇಕಾದ ವಿಷಯ ಗದ್ದೆಯ ಪಕ್ಕದಲ್ಲೇ ಇತ್ತು. ಈಗ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಅದರ ಹೆಸರು ಸಮುದಾಯ ವಿಜ್ಞಾನ. ‘ಗೃಹ’ ಎಂಬ ಮಾತು ಬಿಟ್ಟುಹೋದದ್ದು ನನಗೆ ನೋವಿನ ಸಂಗತಿ. ಅಳೆಯಬೇಕಾದ ಕೆಲಸ ಇದ್ದದ್ದು ಆ ಮನೆಯೊಳಗೇ.

ಹೊರಗೂ ಒಳಗೂ ದುಡಿಯುವವರನ್ನೇ ನೋಡಿ. ಕೊಚ್ಚಿಯ ಸುತ್ತಲಿನ ಕಡಮಕ್ಕುಡಿ, ವೈಪಿನ್ ಕಡೆ ಪೊಕ್ಕಾಳಿ ಭತ್ತ ಬೆಳೆಯುತ್ತಾರೆ. ಉಪ್ಪುನೀರನ್ನು ತಾಳಿಕೊಳ್ಳುವ ತಳಿ ಅದು. ಕೊಯ್ಲಿನಲ್ಲಿ ಹೆಂಗಸರು ನೀರಿನಲ್ಲಿ ನಿಂತು ತೆನೆ ಮಾತ್ರ ಕೊಯ್ದು, ದಂಟನ್ನು ಮುಂದಿನ ಸಿಗಡಿ ಕೃಷಿಗೆ ಬಿಡುತ್ತಾರೆ. ಒದ್ದೆ ಸೀರೆಯಲ್ಲಿ ಮನೆಗೆ ಹೋದ ಮೇಲೆ ಒಲೆ ಹಚ್ಚುವುದೂ ಅವರೇ. ಗದ್ದೆಯ ಕೂಲಿ ಲೆಕ್ಕಕ್ಕೆ ಬರುತ್ತದೆ, ಒಲೆ ಬರುವುದಿಲ್ಲ. ಆದರೆ ದಣಿಯುವ ಮೈ ಒಂದೇ.

2021ರಲ್ಲಿ ಜಿಯೋ ಬೇಬಿಯವರ ‘ದಿ ಗ್ರೇಟ್ ಇಂಡಿಯನ್ ಕಿಚನ್’ ಸಿನಿಮಾ ಬಂದಾಗ, ನಾಯಕಿ ಮನೆ ಬಿಟ್ಟು ನಡೆದದ್ದಕ್ಕೆ ನಾನೂ ಚಪ್ಪಾಳೆ ತಟ್ಟಿದೆ. ಆದರೆ ನನ್ನಮ್ಮ ಅಡುಗೆಮನೆಯಿಂದ ಹೊರಗೆ ಕಾಲಿಟ್ಟರೆ ಸಿಗುವುದು ಹಟ್ಟಿ, ಅದರಾಚೆ ತೋಟ. ‘ಹೊರಗೆ ಬಾ’ ಎಂಬ ಮಾತು ಅವಳಿಗೆ ಸಾಲದು. 2024ರಲ್ಲಿ ಕೇರಳದ ಮೂರನೇ ತರಗತಿಯ ಪಠ್ಯಪುಸ್ತಕದಲ್ಲಿ ಅಪ್ಪ ತೆಂಗಿನಕಾಯಿ ತುರಿಯುವ ಚಿತ್ರ ಬಂತು. ಒಳ್ಳೆಯದೇ ಆಯಿತು. ಅದರ ಪಕ್ಕದಲ್ಲಿ ನಮ್ಮ ಟೀಚರರ ಕೋಷ್ಟಕವೂ ಇರಬೇಕಿತ್ತು. ಗಂಡುಮಕ್ಕಳೂ ಕೂತು ಅದನ್ನು ತುಂಬಬೇಕಿತ್ತು.

ಆ ಪ್ರಾಕ್ಟಿಕಲ್ ಮಾಡಿದ ವರ್ಷದ ರಜೆಯಲ್ಲಿ ರೆಕಾರ್ಡ್ ಪುಸ್ತಕವನ್ನು ಮನೆಗೆ ಒಯ್ದಿದ್ದೆ. ಅಮ್ಮ ಹೆರೆಮಣೆಯ ಮೇಲೆ ಕೂತು ಕಾಯಿ ತುರಿಯುತ್ತಿದ್ದಳು. ಪುಟ ತೆರೆದು ಅವಳ ಸಾಲು ತೋರಿಸಿದೆ. ಕೈ ನಿಲ್ಲಿಸಿ, ಅಪ್ಪನದು ಎಷ್ಟು ಎಂದು ಕೇಳಿದಳು. ಸೊಸೈಟಿಗೂ ತೋಟಕ್ಕೂ ನಡೆದಾಡುವ ಅಪ್ಪನದು ಮಧ್ಯಮ ಶ್ರಮ. ಗಂಡಸಿಗೆ ಅದಕ್ಕೆ 1.2.

"ಇಬ್ಬರಿಗೂ ಒಂದೇಯಾ?" ಎಂದಳು. ಸೆರಗಿಗೆ ಕೈ ಒರೆಸಿಕೊಂಡು ಪುಸ್ತಕ ಇಸಿದುಕೊಂಡಳು. ಜಗಲಿಗೆ ಹೋಗಿ ಅಪ್ಪನಿಗೆ ಅದನ್ನು ಓದಿ ಹೇಳಿದಳು, ನಿಧಾನಕ್ಕೆ, ಎರಡು ಸಲ.