ಕೆಟ್ಟ ಚಿತ್ರ, ಕೆಡಿಸಿದ ಚಿತ್ರ

ವಿಜಯಪುರದ ಟಾಕೀಸುಗಳಿಂದ ಹೊರಬೀಳುವ ಪ್ರೇಕ್ಷಕರು ‘ಕಥಿ ಛಲೋ ಇತ್ತು, ಕೆಡಿಸ್ಯಾರ’ ಎನ್ನುವಾಗ ವಿಮರ್ಶೆಯ ಮೊದಲ ಪಾಠವನ್ನೇ ಹೇಳುತ್ತಿರುತ್ತಾರೆ. ಚಿತ್ರರಂಗದವರು ‘ಎಳೆ’ ಎನ್ನುವ ಮೂಲ ಕಲ್ಪನೆಯನ್ನು ನಾಟ್ಯಶಾಸ್ತ್ರ ‘ಬೀಜ’ವೆಂದು ಕರೆದು, ಅದು ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಎಂಬ ಐದು ಸಂಧಿಗಳಲ್ಲಿ, ಅಂದರೆ ಕಥೆಯ ಐದು ಘಟ್ಟಗಳಲ್ಲಿ, ಮೊಳೆತು ಫಲಿಸಬೇಕೆಂದು ವಿಧಿಸುತ್ತದೆ. ಬೀಜವೇ ಇಲ್ಲದ ಚಿತ್ರ ಬೇಸರ ತರಬಹುದು, ಆದರೆ ನಿರಾಸೆ ಹುಟ್ಟುವುದು ಬಿತ್ತಿದ್ದು ಬೆಳೆಯದೆ ಹೋದಾಗ ಮಾತ್ರ.

ಫಲಿಸುವುದೆಂದರೆ ಏನೆಂಬುದನ್ನು ಗಿರೀಶ ಕಾರ್ನಾಡರ ‘ನಾಗಮಂಡಲ’ ನಾಟಕದಲ್ಲಿ ಕಾಣಬಹುದು; ಟಿ.ಎಸ್. ನಾಗಾಭರಣರು 1997ರಲ್ಲಿ ಅದನ್ನು ಚಿತ್ರವಾಗಿಸಿದರು. ಹೆಂಡತಿ ರಾಣಿಯನ್ನು ಮನೆಯಲ್ಲಿ ಕೂಡಿಹಾಕಿ ಬೇರೊಬ್ಬಳ ಬಳಿಗೆ ಹೋಗುವ ಗಂಡನ ರೂಪ ತಳೆದು ರಾತ್ರಿ ನಾಗ ಬರುತ್ತದೆ ಎಂಬುದು ಎಳೆ. ಸಾಧಾರಣ ಬರಹಗಾರನಾದರೆ ಈ ಬೆರಗಿನಲ್ಲೇ ತೃಪ್ತನಾಗುತ್ತಿದ್ದ. ಕಾರ್ನಾಡರು ರಾಣಿ ಬಸಿರಾಗಿ, ಹುತ್ತದೊಳಗೆ ಕೈಯಿಟ್ಟು ಪ್ರಮಾಣ ಮಾಡಬೇಕಾದ ಇಕ್ಕಟ್ಟಿಗೆ ಕಥೆಯನ್ನು ತರುತ್ತಾರೆ. ಗಂಡನನ್ನೂ ಹುತ್ತದ ಆ ಹಾವನ್ನೂ ಬಿಟ್ಟು ಬೇರಾರನ್ನೂ ಮುಟ್ಟಿಲ್ಲವೆಂದು ಅವಳು ನುಡಿಯುವುದು ಅಕ್ಷರಶಃ ನಿಜ, ಮತ್ತು ಮೊದಲ ರಾತ್ರಿಯ ಕಲ್ಪನೆಯಿಲ್ಲದೆ ಆ ಪ್ರಮಾಣಕ್ಕೆ ಅರ್ಥವೇ ಇರುತ್ತಿರಲಿಲ್ಲ. ಆರಂಭವು ಅಂತ್ಯವನ್ನು ಅನಿವಾರ್ಯವಾಗಿಸಿದೆಯೇ ಎಂಬುದೇ ರಸಿಕನು ಕೇಳಿಕೊಳ್ಳಬೇಕಾದ ಪ್ರಶ್ನೆ.

ಕಥೆಯನ್ನು ಎಳೆದದ್ದೇ ತಪ್ಪೆನ್ನುವುದು ಅವಸರದ ಟೀಕೆ. ಉತ್ತರ ಕರ್ನಾಟಕದ ಬಯಲಾಟವಾದ ಶ್ರೀಕೃಷ್ಣ ಪಾರಿಜಾತದ ವಸ್ತು ಒಂದೇ ಒಂದು ಹೂವು: ನಾರದ ತಂದುಕೊಟ್ಟದ್ದು ರುಕ್ಮಿಣಿಯ ಪಾಲಾಯಿತೆಂದು ಸತ್ಯಭಾಮೆ ಮುನಿಯುತ್ತಾಳೆ. ಅಷ್ಟನ್ನೇ ನೆಚ್ಚಿ ಆಟ ಬೆಳತನಕ ನಡೆದರೂ ಜನ ಏಳದಿರುವುದಕ್ಕೆ ಕಾರಣವೆಂದರೆ, ಕಥೆ ನಡೆಸುವ ಭಾಗವತನೊಡನೆ ಭಾಮೆ ಮಾತಿಗಿಳಿದಂತೆಲ್ಲ ಅವಳ ಸಿಟ್ಟು ಗರ್ವವಾಗಿ, ಅವಮಾನವಾಗಿ, ಹಂಬಲವಾಗಿ ಬಣ್ಣ ಬದಲಿಸುವುದು. ಆದರೆ ಟಿ.ವಿ. ಧಾರಾವಾಹಿಯಲ್ಲಿ ಕೆನ್ನೆಗೆ ಬಿದ್ದ ಒಂದೇ ಏಟನ್ನು ಮೂರು ಸಲ, ಮನೆಮಂದಿಯೆಲ್ಲರ ಮುಖಗಳೊಡನೆ ತೋರಿಸಿದರೂ ಯಾರ ಮನಸ್ಸೂ ಕದಲುವುದಿಲ್ಲ.

ತಿಕೋಟಾ, ಬಬಲೇಶ್ವರಗಳ ದ್ರಾಕ್ಷಿ ಬೆಳೆಗಾರನೊಬ್ಬನ ಮೇಲೆ ಧಾರಾವಾಹಿ ಹೊರಟಿತೆಂದು ಊಹಿಸಬಹುದು. ಏಪ್ರಿಲ್ ಮತ್ತು ಅಕ್ಟೋಬರಿನ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಸಾಲ, ಒಣದ್ರಾಕ್ಷಿ ಶೆಡ್ಡಿನ ಮೇಲೆ ಕವಿದ ಅಕಾಲ ಮೋಡ, ಇವೆಲ್ಲ ಮೊದಲ ವಾರ ಕಾಣಿಸಿಕೊಂಡು, ವಾರವಾರದ ಟಿಆರ್‌ಪಿ, ಅಂದರೆ ವೀಕ್ಷಕರ ಪ್ರಮಾಣದ ಅಳತೆ, ಕುಸಿದೊಡನೆ ಕಥೆ ಅತ್ತೆಯ ಒಳಸಂಚಿಗೆ ಹೊರಳಿದರೆ, ತೋಟ ಬರಿಯ ಪರದೆಯಾಗುತ್ತದೆ. ದ್ರಾಕ್ಷಿಯ ಬದಲು ಕಬ್ಬನ್ನಿಟ್ಟರೂ ಕಥೆ ಹಾಗೆಯೇ ನಡೆಯುವಂತಿದ್ದರೆ ಎಳೆ ವ್ಯರ್ಥವಾಗಿದೆಯೆಂದು ನಿಸ್ಸಂಕೋಚವಾಗಿ ಹೇಳಬಹುದು.

ಅಪೂರ್ಣವಾದದ್ದನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಬಾರದು. ಎರಡನೆಯ ಅಲಿ ಆದಿಲಶಾಹನ ಮರಣದೊಡನೆ 1672ರಲ್ಲಿ ಕೆಲಸ ನಿಂತುಹೋದ, ವಿಜಯಪುರದ ಅವನ ಸಮಾಧಿ ಬಾರಾಕಮಾನಿನ ಕಮಾನುಗಳನ್ನು ಯಾರೂ ಕೆಟ್ಟ ಕಟ್ಟಡವೆನ್ನುವುದಿಲ್ಲ. ಸೂರಿ ನಿರ್ದೇಶನದ ‘ಕೆಂಡಸಂಪಿಗೆ’ 2015ರಲ್ಲಿ ಎರಡನೆಯ ಭಾಗವೆಂದೇ ತೆರೆಗೆ ಬಂದಿತು, ಮೊದಲನೆಯದು ಹಲವು ವರ್ಷ ಬರಲಿಲ್ಲ. ಆದರೂ ಓಡಿಹೋಗುವ ಜೋಡಿಯ ಭಯ ಆ ಚಿತ್ರದಲ್ಲಿ ಎಲ್ಲಿಯೂ ಸಡಿಲಗೊಳ್ಳದ ಕಾರಣ, ಬಾರದ ಭಾಗದ ಬಗೆಗಿನ ದೂರನ್ನು ಬಂದ ಭಾಗದ ಮೇಲೆ ಹೊರಿಸುವುದು ಸಲ್ಲದು.