ನಕ್ಷತ್ರನೌಕೆಯ ನಾಯಕನೂ ವೀರರಸವೂ

ಸಂಸ್ಕೃತ ಪಾಠಶಾಲೆಯಲ್ಲಿ ಕಾವ್ಯಾಲಂಕಾರಗಳನ್ನು ಓದಿ, ಬಹುಕಾಲ ಈ ಸೀಮೆಯ ಹುಡುಗರಿಗೆ ಪಾಠ ಹೇಳಿ ವಿಶ್ರಾಂತಿಗೆ ಬಂದಿರುವ ಉಪಾಧ್ಯಾಯನೊಬ್ಬನು ಟೆಲಿವಿಷನ್ನಿನ ಆಕಾಶಯುದ್ಧಗಳನ್ನು ಕುರಿತು ಬರೆಯಹೊರಟರೆ ವಾಚಕಮಹಾಶಯರಿಗೆ ನಗೆ ಬರುವುದು ಸಹಜವೇ. ಕಳೆದ ಬೇಸಗೆಯಲ್ಲಿ ಹೊಳಲ್ಕೆರೆಯ ನಮ್ಮ ಮನೆಗೆ ಬಂದ ಮೊಮ್ಮಗನು 'ಸ್ಟಾರ್ ಟ್ರೆಕ್' ಎಂಬ ಅಮೆರಿಕದ ಧಾರಾವಾಹಿಯನ್ನು ತನ್ನ ಕಂಪ್ಯೂಟರಿನಲ್ಲಿ ನೋಡುತ್ತಿದ್ದನು. "ತಾತ, ಇದರಲ್ಲಿ ಯುದ್ಧ ಬಹಳ ಚೆನ್ನಾಗಿದೆ, ಬಾ" ಎಂದು ಕರೆದನು. "ಚೆನ್ನಾಗಿದೆ ಎಂದರೇನಪ್ಪ?" ಎಂದು ನಾನು ಕೇಳಿದೆನು. ಎಷ್ಟು ನೌಕೆಗಳು ಸಿಡಿದುವೆಂಬುದನ್ನು ಅವನು ಲೆಕ್ಕ ಹೇಳಿದನು. ಆ ಉತ್ತರವು ನನಗೆ ಸಮಾಧಾನವನ್ನು ಕೊಡಲಿಲ್ಲ. ಅವನ ಜತೆಯಲ್ಲಿಯೇ ಕುಳಿತು ಹಲವು ಕಥೆಗಳನ್ನು ನೋಡಿದ ಮೇಲೆ ನನ್ನಲ್ಲಿ ಮೂಡಿದ ಉತ್ತರವನ್ನು ಇಲ್ಲಿ ನಿವೇದಿಸುತ್ತೇನೆ.

ವೀರಕ್ಕೆ ಉತ್ಸಾಹವು ಸ್ಥಾಯಿ, ರೌದ್ರಕ್ಕೆ ಕ್ರೋಧವು ಸ್ಥಾಯಿ ಎಂಬುದು ನಮ್ಮ ಲಾಕ್ಷಣಿಕರ ಮತ. ಹೊರಗಿನ ಕಾರ್ಯವು ಎರಡರಲ್ಲಿಯೂ ಒಂದೇ ಆಗಿರಬಹುದು. ಆಯುಧವೂ ಒಂದೇ, ಗಾಯವೂ ಒಂದೇ. ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ಮುಖವೂ ಕಣ್ಣುಗಳೂ ಕೆಂಪೇರುವುದೇ ರೌದ್ರವನ್ನು ಯುದ್ಧವೀರದಿಂದ ಬೇರ್ಪಡಿಸುವ ಗುರುತೆಂದು ಹೇಳಿರುತ್ತಾನೆ. ಸಣ್ಣ ಮಾತಿನಂತೆ ಕಂಡರೂ ಇದರಲ್ಲಿ ದೊಡ್ಡ ಅರ್ಥವಡಗಿದೆ. ಹೊಡೆಯುವವನ ಮನಸ್ಸು ತಿಳಿಯಾಗಿದೆಯೆ, ಕಲಕಿದೆಯೆ ಎಂಬುದನ್ನು ನೋಡಿ ರಸವನ್ನು ನಿರ್ಣಯಿಸಬೇಕು. ಸಿಡಿದ ನೌಕೆಗಳ ಲೆಕ್ಕದಿಂದಲ್ಲ. ನಕ್ಷತ್ರನೌಕೆಯ ನಾಯಕನನ್ನು ಅಳೆಯುವುದಕ್ಕೂ ಈ ಅಳತೆಗೋಲೇ ತಕ್ಕದ್ದು.

1966ನೆಯ ಇಸವಿ ಡಿಸೆಂಬರಿನಲ್ಲಿ ಪ್ರಸಾರವಾದ 'ಬ್ಯಾಲೆನ್ಸ್ ಆಫ್ ಟೆರರ್' ಎಂಬ ಕಥೆಯನ್ನು ಮೊದಲು ತೆಗೆದುಕೊಳ್ಳೋಣ. ಕ್ಯಾಪ್ಟನ್ ಕಿರ್ಕನು ತನ್ನ ನೌಕೆಯಲ್ಲಿ ಇಬ್ಬರು ಕೆಲಸಗಾರರ ಮದುವೆಯನ್ನು ನಡೆಸಿಕೊಡುತ್ತಿರುವಾಗ ಗಡಿಯ ಠಾಣ್ಯಗಳು ನಾಶವಾಗುತ್ತಿರುವ ಸುದ್ದಿ ಬರುತ್ತದೆ. ಮದುವೆ ಅಲ್ಲಿಗೆ ನಿಲ್ಲುತ್ತದೆ. ರೊಮ್ಯುಲನ್ನರೆಂಬ ಶತ್ರುಗಳ ನೌಕೆ ಕಣ್ಣಿಗೆ ಕಾಣದಂತೆ ಮರೆಯಾಗಬಲ್ಲುದು. ಅದು ತನ್ನ ಗಡಿಯನ್ನು ಸೇರುವುದರೊಳಗಾಗಿ ಹೊಡೆಯಬೇಕೆ, ಬಿಡಬೇಕೆ ಎಂಬುದೇ ಪ್ರಶ್ನೆ. ಸ್ಟೈಲ್ಸ್ ಎಂಬ ಅಧಿಕಾರಿಯ ಪೂರ್ವಿಕರು ಹಿಂದಿನ ಯುದ್ಧದಲ್ಲಿ ಸತ್ತವರಾದುದರಿಂದ ಅವನು ದ್ವೇಷದಿಂದ ಹೊಡೆಯಿರಿ ಎನ್ನುತ್ತಾನೆ. ಶತ್ರುಗಳಂತೆಯೇ ಮುಖವುಳ್ಳ ಸ್ಪಾಕನು ತರ್ಕದಿಂದ ಹೊಡೆಯಿರಿ ಎನ್ನುತ್ತಾನೆ. ವೈದ್ಯನಾದ ಮೆಕಾಯನು ಬೇಡವೆನ್ನುತ್ತಾನೆ.

ಇದು ನಮಗೆ ಹೊಸದೇನೂ ಅಲ್ಲ. ಭಾರವಿಯ ಕಿರಾತಾರ್ಜುನೀಯದ ಮೊದಲ ಎರಡು ಸರ್ಗಗಳಲ್ಲಿ ದ್ರೌಪದಿಯೂ ಭೀಮನೂ ಯುದ್ಧವನ್ನು ಬೋಧಿಸುವುದನ್ನೂ ಧರ್ಮರಾಯನು ಆತುರಪಡದೆ ಉತ್ತರವನ್ನು ಕೊಡುವುದನ್ನೂ ಓದಿದವರಿಗೆ ಈ ಮಂತ್ರಾಲೋಚನೆಯು ಪರಿಚಿತವೇ. ಆದರೆ ಇಲ್ಲಿ ಒಂದು ವಿಶೇಷವುಂಟು. ದ್ವೇಷವೂ ವಿವೇಕವೂ ಒಂದೇ ಸಲಹೆಯನ್ನು ಕೊಡುತ್ತಿವೆ. ನಾಯಕನು ಆ ಸಲಹೆಯನ್ನು ಅಂಗೀಕರಿಸುತ್ತಾನೆ. ಆದರೆ ಸ್ಟೈಲ್ಸನ ದ್ವೇಷವನ್ನು ಅಂಗೀಕರಿಸುವುದಿಲ್ಲ, ಅವನನ್ನು ಎಲ್ಲರೆದುರಿಗೇ ಗದರಿಸುತ್ತಾನೆ. ಯುದ್ಧವನ್ನು ಮಾಡುತ್ತಲೇ ರೌದ್ರವನ್ನು ನೌಕೆಯಿಂದ ಹೊರಗಿಡುವ ಈ ಪ್ರಯತ್ನವೇ ನಾಯಕತ್ವ. ಆ ಮೇಲೆ ಎರಡು ನೌಕೆಗಳೂ ಸದ್ದಿಲ್ಲದೆ ಒಂದನ್ನೊಂದು ಕಾದು ನಿಲ್ಲುತ್ತವೆ. ನೀತಿಕಾರರು ಷಾಡ್ಗುಣ್ಯದಲ್ಲಿ ಆಸನವೆಂದು ಕರೆದಿರುವುದು ಇದನ್ನೇ. ಆ ಮೌನದಲ್ಲಿ ಕಿರ್ಕನು ವೈದ್ಯನೊಬ್ಬನ ಮುಂದೆ ಮಾತ್ರ, ತಾನು ತಪ್ಪಿದರೆ ಗತಿಯೇನೆಂಬ ಅಳುಕನ್ನು ತೋಡಿಕೊಳ್ಳುತ್ತಾನೆ. ಸಂಶಯವನ್ನು ಅನುಭವಿಸಿಯೂ ಆಜ್ಞೆಯಲ್ಲಿ ಅದನ್ನು ತೋರಗೊಡದವನೇ ಧೀರನು.

ಇದಕ್ಕಿಂತಲೂ ಮೇಲಾದುದು ಪ್ರತಿನಾಯಕನ ಚಿತ್ರಣ. ರೊಮ್ಯುಲನ್ ನಾಯಕನು ಯುದ್ಧದಿಂದ ಬೇಸತ್ತವನು, ಆಜ್ಞೆಗೆ ಕಟ್ಟುಬಿದ್ದವನು. ತನ್ನ ಹಳೆಯ ಗೆಳೆಯನ ಶವವನ್ನೇ ಶತ್ರುವನ್ನು ವಂಚಿಸಲು ನೌಕೆಯ ಅವಶೇಷಗಳೊಡನೆ ಹೊರಗೆ ಚೆಲ್ಲಬೇಕಾದವನು. ಸೋತ ಮೇಲೆ ಕಿರ್ಕನು ಅವನ ಜನರನ್ನು ತನ್ನ ನೌಕೆಗೆ ಬರಮಾಡಿಕೊಳ್ಳುವೆನೆಂದಾಗ ಅದನ್ನು ಒಲ್ಲದೆ, ಬೇರೊಂದು ಕಾಲದಲ್ಲಿ ತಾವು ಗೆಳೆಯರಾಗಿರಬಹುದಿತ್ತೆಂಬರ್ಥದ ಮಾತನ್ನಾಡಿ, ನೌಕೆಯನ್ನು ತಾನೇ ನಾಶಗೊಳಿಸುತ್ತಾನೆ. ಗದಾಯುದ್ಧದಲ್ಲಿ ಭೀಮನ ಗೆಲವನ್ನು ಹೇಳಹೊರಟ ರನ್ನನು ದುರ್ಯೋಧನನನ್ನು ಎಷ್ಟು ಎತ್ತರಕ್ಕೆ ಏರಿಸಿದನೆಂಬುದು ಕನ್ನಡಿಗರಿಗೆ ತಿಳಿದ ವಿಷಯ. ನಮ್ಮ ಮನೆಗಳಲ್ಲಿ ಕುಮಾರವ್ಯಾಸ ಭಾರತದ ವಾಚನ ನಡೆಯುವಾಗ ಕರ್ಣಾವಸಾನದಲ್ಲಿ ಕಣ್ಣೊರಸಿಕೊಳ್ಳದವರು ಯಾರು? ಶತ್ರುವಿಗೆ ಮುಖವನ್ನು ಕೊಟ್ಟ ಕವಿಯು ಜಯಕ್ಕೂ ಅದರ ತೂಕವನ್ನು ಕೊಡುತ್ತಾನೆ. ಕಥೆಯ ಕೊನೆಯಲ್ಲಿ ಆ ಮದುವಣಿಗನೇ ಸತ್ತಿರುತ್ತಾನೆ. ಕ್ಯಾಪ್ಟನ್ ಪ್ರಾರ್ಥನಾಮಂದಿರಕ್ಕೆ ಹೋಗಿ ವಧುವನ್ನು ಸಂತೈಸಬೇಕಾಗುತ್ತದೆ. ಜಯಘೋಷಕ್ಕೆ ಎಡೆಯೇ ಇಲ್ಲ.

ಎರಡನೆಯ ಕಥೆ 1967ರ ಜನವರಿಯ 'ಅರೀನಾ'. ಗಡಿಯ ವಸತಿಯೊಂದು ನಾಶವಾದುದನ್ನು ಕಂಡ ಕಿರ್ಕನು ಈ ಸಲ ನಿಜವಾಗಿಯೂ ಕೆರಳಿದ್ದಾನೆ. ಸ್ಪಾಕನ ಸಂಶಯವನ್ನು ಲೆಕ್ಕಿಸದೆ ಗಾರ್ನರೆಂಬ ಶತ್ರುಗಳನ್ನು ಅಟ್ಟಿಕೊಂಡು ಹೋಗುತ್ತಾನೆ. ದಾರಿಯಲ್ಲಿ ಬೇರೊಂದು ಪ್ರಬಲಜಾತಿಯವರು ಎರಡು ನೌಕೆಗಳನ್ನೂ ತಡೆದು, ನಾಯಕರಿಬ್ಬರನ್ನೇ ಒಂದು ಬರಡು ನೆಲದಲ್ಲಿ ದ್ವಂದ್ವಯುದ್ಧಕ್ಕೆ ಬಿಡುತ್ತಾರೆ. ಕಿರ್ಕನು ಗಂಧಕ, ಇದ್ದಲು, ಪೆಟ್ಲುಪ್ಪುಗಳನ್ನು ನೆಲದಲ್ಲಿಯೇ ಹುಡುಕಿ ಕೂಡಿಸಿ, ಬಿದಿರಿನಂಥ ಕೊಳವೆಯಲ್ಲಿ ತುಂಬಿ ತೋಪನ್ನು ಮಾಡುತ್ತಾನೆ. ನಮ್ಮ ದುರ್ಗದ ಕೋಟೆಯೊಳಗೆ ಮದ್ದು ಬೀಸುತ್ತಿದ್ದ ಭಾರಿ ಕಲ್ಲುಗಳನ್ನು ಕಂಡವರಿಗೆ ಆ ಮದ್ದಿನ ಪರಿಚಯವನ್ನು ಯಾರೂ ಮಾಡಿಕೊಡಬೇಕಾಗಿಲ್ಲ. ಬೆಳಕಿನ ವೇಗವನ್ನು ಮೀರಿ ಓಡುವ ನೌಕೆಯ ಒಡೆಯನನ್ನು ಕವಿಯು ನಮ್ಮ ಪಾಳೆಯಗಾರರ ಕಾಲದ ಆಯುಧಕ್ಕೆ ಇಳಿಸಿದ್ದಾನೆ. ಇಳಿಸಿ, ಯಂತ್ರದ ಮರೆಯಿಲ್ಲದೆ ಆ ಮನುಷ್ಯನನ್ನು ನೋಡಿರೆಂದು ನಮ್ಮ ಮುಂದೆ ನಿಲ್ಲಿಸಿದ್ದಾನೆ. ಆ ಹೊತ್ತಿಗೆ, ತಮ್ಮ ಎಲ್ಲೆಯನ್ನು ಪರರು ಆಕ್ರಮಿಸಿದರೆಂದು ಗಾರ್ನರು ಭಾವಿಸಿದ್ದುದು ತಿಳಿದುಬಂದಿರುತ್ತದೆ. ಕೆಳಗೆ ಬಿದ್ದ ಶತ್ರುವನ್ನು ಕೊಲ್ಲುವ ಅವಕಾಶವಿದ್ದರೂ ಕಿರ್ಕನು ಕೊಲ್ಲುವುದಿಲ್ಲ. ದಾನ, ಧರ್ಮ, ಯುದ್ಧ, ದಯೆ ಎಂದು ವೀರವು ನಾಲ್ಕು ಬಗೆ. ರೌದ್ರದಿಂದ ಹೊರಟ ಈ ಕಥೆಯು ಯುದ್ಧವೀರವನ್ನು ಹಾದು ದಯಾವೀರದಲ್ಲಿ ಮುಗಿಯುತ್ತದೆ.

ಇಷ್ಟನ್ನು ಮೆಚ್ಚಿದ ಮೇಲೆ ದೋಷಗಳನ್ನೂ ಹೇಳಬೇಕು. ಮೊದಲನೆಯದು, ನಾಯಕನು ಸಾಯಲಾರನು. ಮುಂದಿನ ವಾರವೂ ಅವನು ಬರಲೇಬೇಕೆಂದು ನೋಡುವವರಿಗೆಲ್ಲ ಗೊತ್ತು. ಆದುದರಿಂದ ಅಪಾಯವೆಲ್ಲವೂ ಹೆಸರಿಲ್ಲದ ಸೇವಕರ ತಲೆಯ ಮೇಲೆ ಬೀಳುತ್ತದೆ. ಹೊಸ ಗ್ರಹದಲ್ಲಿ ಇಳಿಯುವಾಗಲೂ ಕ್ಯಾಪ್ಟನ್ನೇ ಮುಂದಾಗುತ್ತಾನೆ. ಒಡೆಯನು ತನ್ನನ್ನು ಹೀಗೆ ಒಡ್ಡಿಕೊಳ್ಳುವುದನ್ನು ಯಾವ ನೀತಿಶಾಸ್ತ್ರವೂ ಒಪ್ಪದು. 1987ರಲ್ಲಿ ಮೊದಲಾದ ಇನ್ನೊಂದು ಧಾರಾವಾಹಿಯಲ್ಲಿ ಈ ತಪ್ಪನ್ನು ತಿದ್ದಿ, ಅಪಾಯದ ನೆಲಕ್ಕೆ ಸಾಮಾನ್ಯವಾಗಿ ಉಪನಾಯಕನಾದ ರೈಕರನೇ ಹೋಗುವಂತೆ ಮಾಡಿದರು.

ನಮ್ಮ ತ. ರಾ. ಸುಬ್ಬರಾಯರು 1982ರಲ್ಲಿ 'ದುರ್ಗಾಸ್ತಮಾನ'ವನ್ನು ಪ್ರಕಟಿಸಿದಾಗ ಇದಕ್ಕೆ ವಿರುದ್ಧವಾದ ಮಾರ್ಗವನ್ನು ಹಿಡಿದರು. ಅಂತ್ಯವನ್ನು ಹೆಸರಿನಲ್ಲಿಯೇ ಹೇಳಿಬಿಟ್ಟರು. 1779ರಲ್ಲಿ ಹೈದರಾಲಿಯು ದುರ್ಗವನ್ನು ಹಿಡಿದನೆಂಬುದು ಹಿರಿಯೂರು ಹೊಸದುರ್ಗಗಳ ಮಕ್ಕಳಿಗೂ ತಿಳಿದದ್ದು. ಮದಕರಿನಾಯಕನು ಗೆಲ್ಲುವನೋ ಸೋಲುವನೋ ಎಂಬ ಕುತೂಹಲಕ್ಕೆ ಅಲ್ಲಿ ಜಾಗವಿಲ್ಲ. ಹೇಗೆ ನಿಲ್ಲುವನೆಂಬುದೊಂದೇ ಉಳಿಯುತ್ತದೆ. ಸೋಲಬಲ್ಲ ನಾಯಕನ ಉತ್ಸಾಹಕ್ಕಿರುವ ಬೆಲೆಯು ಸೋಲಲಾರದವನ ಉತ್ಸಾಹಕ್ಕೆ ಎಂದಿಗೂ ಬಾರದು.

ಎರಡನೆಯ ದೋಷವು ಮುಖವಿಲ್ಲದ ಶತ್ರು. 1990ರ 'ದಿ ಬೆಸ್ಟ್ ಆಫ್ ಬೋತ್ ವರ್ಲ್ಡ್ಸ್' ಎಂಬ ಎರಡು ಭಾಗಗಳ ಕಥೆಯಲ್ಲಿ ಬೋರ್ಗರೆಂಬ ಯಂತ್ರಮಾನವರು ಬರುತ್ತಾರೆ. ಅವರಲ್ಲಿ ವ್ಯಕ್ತಿಯೇ ಇಲ್ಲ. ಆದುದರಿಂದ ಸಾಮಕ್ಕೂ ದಾನಕ್ಕೂ ಎಡೆಯಿಲ್ಲ, ದಂಡವೊಂದೇ ಗತಿ. ಧರ್ಮವಿಚಾರದ ಶ್ರಮವೇ ಇಲ್ಲದೆ ಹೊಡೆಯುವ ಅನುಕೂಲವನ್ನು ಇಂತಹ ಶತ್ರುವು ನೋಡುವವನಿಗೂ ಒದಗಿಸುತ್ತಾನೆ. ಅದು ಅಪಾಯಕರವಾದ ಅನುಕೂಲ. ಆದರೆ ಬರೆದವರು ಈ ಕೊರತೆಯನ್ನು ತಾವೇ ಅರಿತಂತೆ, ಕ್ಯಾಪ್ಟನ್ ಪಿಕಾರ್ಡನನ್ನು ಸೆರೆಹಿಡಿಸಿ ಆ ಶತ್ರುವಿಗೆ ಅವನ ಮುಖವನ್ನೇ ತೊಡಿಸಿದರು. ಅವನ ಬುದ್ಧಿಯನ್ನು ಉಪಯೋಗಿಸಿಕೊಂಡು ಬೋರ್ಗರು ಅವನ ಕಡೆಯವರ 39 ನೌಕೆಗಳನ್ನು ನಾಶಮಾಡುತ್ತಾರೆ. ಬಿಡುಗಡೆಯಾದ ಬಳಿಕ, ಮುಂದಿನ ಕಥೆಯಾದ 'ಫ್ಯಾಮಿಲಿ'ಯಲ್ಲಿ, ಅವನು ಫ್ರಾನ್ಸಿನ ತನ್ನ ಹುಟ್ಟೂರಿಗೆ ಹೋಗಿ ಅಣ್ಣನೊಡನೆ ಜಗಳವಾಡಿ, ದ್ರಾಕ್ಷಿತೋಟದ ಕೆಸರಿನಲ್ಲಿ ಬಿದ್ದು, ತಡೆಯಲಾರದೆ ಅಳುತ್ತಾನೆ. ಇಡೀ ಕಥೆಯಲ್ಲಿ ಯುದ್ಧವೇ ಇಲ್ಲ. ಆದರೂ ನಾನು ನೋಡಿದ ಯುದ್ಧಕಥೆಗಳಲ್ಲಿ ಇದೇ ಶ್ರೇಷ್ಠವೆಂದು ನನ್ನ ಅಭಿಪ್ರಾಯ. ಆಜ್ಞೆ ಕೊಡುವವನು ಯುದ್ಧದಿಂದ ಹಿಂದಿರುಗಿದ ಮೇಲೆ ಎಲ್ಲಿ ಅಳಬೇಕೆಂಬುದನ್ನು ಹೇಳುವ ಕವಿಗಳು ಅಪೂರ್ವ.

ಕಡೆಗೊಂದು ಮಾತು. ನಮ್ಮ ಊರು ಎಲ್ಲಕ್ಕಿಂತ ಹೆಚ್ಚಾಗಿ ನೆನೆಯುವ ಯುದ್ಧವನ್ನು ಯಾವ ನಾಯಕನೂ ಮಾಡಲಿಲ್ಲ. ಕಹಳೆಯವನಾದ ಗಂಡನು ಊಟಕ್ಕೆ ಕುಳಿತಿದ್ದಾಗ ನೀರಿಗೆ ಹೋದ ಓಬವ್ವನು ಕಿಂಡಿಯಲ್ಲಿ ನುಸುಳುವ ಶತ್ರುವನ್ನು ಕಂಡು, ಆಜ್ಞೆಗೆ ಕಾಯದೆ, ಕೈಗೆ ಸಿಕ್ಕ ಒನಕೆಯನ್ನೆತ್ತಿಕೊಂಡಳೆಂದು ಜನ ಹೇಳುತ್ತಾರೆ. 1972ರ 'ನಾಗರಹಾವು' ಚಿತ್ರದಲ್ಲಿ ಪುಟ್ಟಣ್ಣ ಕಣಗಾಲರು ಆ ಪ್ರಸಂಗವನ್ನು ನಾಡಿಗೆಲ್ಲ ಕಾಣಿಸಿದರು. ನಕ್ಷತ್ರನೌಕೆಯ ಕಥೆಗಳಲ್ಲಿ ಹೆಸರಿಲ್ಲದೆ ಸಾಯುವವರಿಗೆ ನಮ್ಮ ಜನರು ಇಲ್ಲಿ ಹೆಸರನ್ನು ಕೊಟ್ಟು ಕಾಪಾಡಿದ್ದಾರೆ. ನಾಯಕನ ಯುದ್ಧವನ್ನು ಬರೆಯುವವರು ಕಿಂಡಿಯ ಬಳಿ ನಿಂತವರನ್ನು ಮರೆಯಬಾರದು.

ರಜೆ ಮುಗಿದು ಹೊರಡುವ ದಿನ ಮೊಮ್ಮಗನನ್ನು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಮದುವಣಿಗ ಸಾಯಬಾರದಾಗಿತ್ತು, ತಾತ" ಎಂದನು. ನಾನು ಕಲಿಸಬೇಕೆಂದಿದ್ದುದನ್ನು ಕಥೆಯೇ ಅವನಿಗೆ ಕಲಿಸಿತ್ತು.