ಸುಡಾನಿ ಯಾರು, ಹಿಂದಿ ಯಾರು?

ನೈಜೀರಿಯಾದಿಂದ ಬಂದವನನ್ನು ಊರೆಲ್ಲ 'ಸುಡಾನಿ' ಎಂದು ಕರೆಯುತ್ತದೆ. ಅವನು ತಿದ್ದುತ್ತಾನೆ, ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. 2018ರಲ್ಲಿ ತೆರೆಗೆ ಬಂದ ಝಕರಿಯಾ ಮೊಹಮ್ಮದ್ ಅವರ ಮಲಯಾಳಂ ಚಿತ್ರ 'ಸುಡಾನಿ ಫ್ರಮ್ ನೈಜೀರಿಯಾ'ದ ನಗುವೂ ನೋವೂ ಈ ತಪ್ಪು ಹೆಸರಿನಿಂದಲೇ ಹುಟ್ಟುತ್ತವೆ. ನಾವು ಅದನ್ನು ನೋಡಿದ್ದು ಐದು ವರ್ಷ ತಡವಾಗಿ, ರಿಯಾದಿನ ಬಾಡಿಗೆ ಕೋಣೆಯಲ್ಲಿ. ತಡವಾದದ್ದೇ ಒಳ್ಳೆಯದಾಯಿತು. ಅಷ್ಟರಲ್ಲಿ ನಮಗೂ ಅಂಥದೊಂದು ಹೆಸರು ಬಿದ್ದಿತ್ತು.

ಅರಬರಿಗೆ ಭಾರತೀಯರೆಲ್ಲರೂ 'ಹಿಂದಿ'. ಅವರ ಭಾಷೆಯಲ್ಲಿ ಅದು ಸರಿಯಾದ ಪದವೇ. ಆದರೆ ಮಾರಿಕಣಿವೆಯಲ್ಲಿ ಹುಟ್ಟಿ, ಮನೆಯೊಳಗೆ ಉರ್ದು, ಹೊಸಿಲು ದಾಟಿದರೆ ಕನ್ನಡ ಎಂದು ಬೆಳೆದ ನಮಗೆ 'ನೀನು ಹಿಂದಿಯಾ?' ಎಂದರೆ ಹೌದೆನ್ನಲು ನಾಲಿಗೆ ತಡವರಿಸುತ್ತಿತ್ತು. ಆ ತಡವರಿಕೆ ಒಂದು ರಾತ್ರಿಯ ಮಟ್ಟಿಗೆ ಹೋದದ್ದು 2023ರ ಮಾರ್ಚ್ 4ರಂದು. ಸಂತೋಷ್ ಟ್ರೋಫಿಯ ಫೈನಲ್ ಅಂದು ಮೊದಲ ಬಾರಿಗೆ ಪರದೇಶದಲ್ಲಿ, ರಿಯಾದಿನ ಕಿಂಗ್ ಫಹದ್ ಕ್ರೀಡಾಂಗಣದಲ್ಲಿ ನಡೆಯಿತು. ಕರ್ನಾಟಕದ ಎದುರಾಳಿ ಮೇಘಾಲಯ.

ಡೇರೆಗಳನ್ನು ಸಾಲಾಗಿ ಹೂಡಿದಂತಿರುವ ಆ ಚಾವಣಿಯ ಕೆಳಗೆ ನಮ್ಮ ಗುಂಪು ಹಿಡಿಯಷ್ಟು. ಗಂಟಲು ಮಾತ್ರ ಊರಷ್ಟು. ಕೆಲವೇ ನಿಮಿಷಗಳಲ್ಲಿ ಸುನಿಲ್ ಕುಮಾರ್ ಗೋಲು ಹೊಡೆದರು. ಮೇಘಾಲಯ ಸಮ ಮಾಡಿತು. ಆಮೇಲೆ ಬೇಕೆ ಓರಂ, ವಿರಾಮಕ್ಕೆ ಮುಂಚೆ ಫ್ರೀಕಿಕ್‌ನಲ್ಲಿ ರಾಬಿನ್ ಯಾದವ್. ಇವುಗಳಲ್ಲಿ ಅಪ್ಪಟ ಕನ್ನಡದ ಹೆಸರು ಯಾವುದೆಂದು ಆ ರಾತ್ರಿ ಯಾರೂ ಕೇಳಲಿಲ್ಲ. 3-2ರಲ್ಲಿ ಗೆದ್ದಾಗ, ಮೈಸೂರು ಎಂಬ ಹೆಸರಿನಲ್ಲಿ 1968-69ರಲ್ಲಿ ಗೆದ್ದ ಕಪ್ 54 ವರ್ಷಗಳ ನಂತರ ಮರಳಿತು. ಅದಕ್ಕೆ ಆರು ತಿಂಗಳ ಹಿಂದಷ್ಟೇ, 1933ರ ನಂತರ ಮೊದಲ ಬಾರಿಗೆ ನಮ್ಮೂರ ಜಲಾಶಯ ಕೋಡಿ ಬಿದ್ದಿತ್ತು. ಅದನ್ನು ನೋಡಿದ್ದು ಮೊಬೈಲಿನಲ್ಲಿ. ಇದನ್ನಾದರೂ ಕಣ್ಣಾರೆ ಕಂಡೆವಲ್ಲ ಎಂದು ಅತ್ತವರು ನಾವು.

ಅಂದು ನಮ್ಮೊಡನೆ ಪಕ್ಕದ ಕೋಣೆಯವನೊಬ್ಬ ಬಂದಿದ್ದ. ಅವನು ನಿಜವಾದ ಸುಡಾನಿ, ಖಾರ್ಟೂಮಿನವನು. ಎರಡೂ ತಂಡ 'ಹಿಂದಿ'ಗಳದ್ದೇ, ಹಾಗಾದರೆ ನೀವು ಯಾರನ್ನು ಸೋಲಿಸುತ್ತಿದ್ದೀರಿ ಎಂದು ನಕ್ಕಿದ್ದ. ಚಿತ್ರವನ್ನು ನೋಡಿದ್ದೂ ಅವನ ಜೊತೆಗೇ.

ಚಿತ್ರದ ಕಥೆ ಸಣ್ಣದು. ಮಲಪ್ಪುರಂನ ಸೆವೆನ್ಸ್, ಅಂದರೆ ಏಳೇಳು ಜನರ ಫುಟ್ಬಾಲ್ ಹುಚ್ಚು. ತಂಡ ನಡೆಸುವ ಮಜೀದನ ಬಳಿ ಕೂಲಿಗೆ ಆಡಲು ಬಂದ ಸಾಮ್ಯುಯೆಲ್ ಜಾರಿ ಬಿದ್ದು ಹಾಸಿಗೆ ಹಿಡಿಯುತ್ತಾನೆ. ಆಸ್ಪತ್ರೆಯ ಖರ್ಚು ತಾಳಲಾರದೆ ಮಜೀದ್ ಅವನನ್ನು ಮನೆಗೆ ತರುತ್ತಾನೆ. ಅಲ್ಲಿಂದ ಚಿತ್ರ ಜಮೀಲಾ ಮತ್ತು ಬೀಯುಮ್ಮ ಎಂಬ ಇಬ್ಬರು ಮುದುಕಿಯರ ಕೈಗೆ ಸೇರುತ್ತದೆ. ಭಾಷೆ ಬಾರದವನೊಡನೆ ಅವರು ಮಲಯಾಳಂನಲ್ಲೇ ಹರಟುತ್ತಾರೆ, ಉಣಿಸುತ್ತಾರೆ. ಸಾವಿತ್ರಿ ಶ್ರೀಧರನ್ ಮತ್ತು ಸರಸಾ ಬಾಲುಶ್ಶೇರಿ ನಟಿಸುತ್ತಿದ್ದಾರೆ ಎಂದು ಎಲ್ಲಿಯೂ ಅನ್ನಿಸುವುದಿಲ್ಲ. ಪರದೇಶಿಯನ್ನು ಮನೆಗೆ ತಂದ ಮಜೀದ್ ತನ್ನ ಮಲತಂದೆಯೊಡನೆ ಮಾತಾಡುವುದಿಲ್ಲ. ಹೊರಗಿನವನು ಯಾರು ಎಂಬ ಪ್ರಶ್ನೆಯನ್ನು ನಿರ್ದೇಶಕರು ಭಾಷಣವಿಲ್ಲದೆ ಮನೆಯೊಳಗೆ ತಂದಿಟ್ಟದ್ದು ಹೀಗೆ. ಇಲ್ಲಿ ಮುಸ್ಲಿಂ ಮನೆ ಬರಿಯ ಮನೆ, ಸಮಸ್ಯೆಯಲ್ಲ. ಕಥೆಗಾರರಾದ ನಮಗೆ ನಾಚಿಕೆಯಾದದ್ದು ಇಲ್ಲೇ. ನಾವು ತಲಾಖ್ ಬರೆದೆವು, ಗಲಭೆ ಬರೆದೆವು, ಮೊಹಲ್ಲಾದ ಮೈದಾನವನ್ನು ಬರೆಯಲಿಲ್ಲ. 1937ರಲ್ಲಿ ರೋವರ್ಸ್ ಕಪ್ ಗೆದ್ದ ಬೆಂಗಳೂರು ಮುಸ್ಲಿಮ್ಸ್ ತಂಡ ನಮ್ಮ ಒಂದು ಕಥೆಯಲ್ಲೂ ಸುಳಿದಿಲ್ಲ.

ಆದರೂ ಚಿತ್ರದ ಬಗ್ಗೆ ನಮಗೊಂದು ತಕರಾರಿದೆ. ಸಾಮ್ಯುಯೆಲ್ ದುಡಿಯಲು ಬಂದವನು. ಹಾಸಿಗೆ ಹಿಡಿದ ಮೇಲೆ ಚಿತ್ರ ಅವನಿಗೆ ಮಮತೆಯನ್ನು ಧಾರಾಳವಾಗಿ ಕೊಡುತ್ತದೆ, ಕೂಲಿಯ ಲೆಕ್ಕವನ್ನು ಬದಿಗಿಡುತ್ತದೆ. ಆ ಪಾತ್ರ ಮಾಡಿದ ಸಾಮ್ಯುಯೆಲ್ ಅಬಿಯೋಲಾ ರಾಬಿನ್ಸನ್ ತಮಗೆ ಸಂಭಾವನೆ ಕಡಿಮೆಯಾಯಿತೆಂದು 2018ರಲ್ಲಿ ದೂರಿದ್ದರು. ನಿರ್ಮಾಪಕರು ಒಪ್ಪಲಿಲ್ಲ, ಕೊನೆಗೆ ರಾಜಿಯಾಯಿತು. ಯಾರು ಸರಿ ಎಂದು ಹೇಳಲು ನಾವು ಕೂತಿಲ್ಲ. ಪರದೇಶದಲ್ಲಿ ದುಡಿಯುವವನಿಗೆ ಪ್ರೀತಿ ಬೇಕು, ಪ್ರೀತಿ ಸಂಬಳವಲ್ಲ. ಇಷ್ಟನ್ನು ಗಲ್ಫಿನಲ್ಲಿ ಒಂದು ವರ್ಷ ಕಳೆದ ಯಾರೂ ಬಲ್ಲರು.

ಊರಿನಲ್ಲಿ ಅಜ್ಜಿ ತೀರಿಕೊಂಡ ಸುದ್ದಿ ಬಂದಾಗ ಸಾಮ್ಯುಯೆಲ್ ಹೋಗಲಾರ, ಅವನ ಪಾಸ್‌ಪೋರ್ಟ್ ಕಳೆದಿದೆ. ಆ ದೃಶ್ಯದಲ್ಲಿ ನಮ್ಮ ಸುಡಾನಿ ಎದ್ದು ಹೊರಗೆ ಹೋದ. 2023ರ ಏಪ್ರಿಲ್ 15ರಂದು, ನಮ್ಮ ಫೈನಲ್ ಮುಗಿದು ಆರು ವಾರಕ್ಕೆ, ಖಾರ್ಟೂಮಿನಲ್ಲಿ ಯುದ್ಧ ಶುರುವಾಗಿತ್ತು. ಚಿತ್ರದ ಸಾಮ್ಯುಯೆಲ್ ಕೊನೆಗೆ ಊರಿಗೆ ಹೊರಡುತ್ತಾನೆ, ಮಜೀದನೊಡನೆ ಜೆರ್ಸಿ ಬದಲಾಯಿಸಿಕೊಳ್ಳುತ್ತಾನೆ. ನೋಡುವವರಿಗೆ ಸಮಾಧಾನ. ಹೊರಡಲು ಊರೇ ಉಳಿಯದವನಿಗೆ ಆ ಜೆರ್ಸಿ ಏನು ಮಾಡೀತು? ಚಿತ್ರ ಅಲ್ಲಿಯವರೆಗೆ ಹೋಗುವುದಿಲ್ಲ.

ಹೋಗದಿದ್ದರೂ ನೋಡಲೇಬೇಕಾದ ಚಿತ್ರವಿದು. ನೋಡಿದ ಮೇಲೆ ನಾವು ಅವನನ್ನು 'ಸುಡಾನಿ' ಎನ್ನುವುದನ್ನು ಬಿಟ್ಟು ಹೆಸರು ಹಿಡಿದು ಕರೆಯತೊಡಗಿದೆವು. ಅವನು ಮಾತ್ರ ನಮ್ಮನ್ನು 'ಹಿಂದಿ' ಎನ್ನುವುದನ್ನು ಬಿಡಲಿಲ್ಲ.